ಮ್ಯಾಕ್ಸಿಮೊ ಸತ್ತಳೆ, ಬದುಕಿದಳೆ? ದಿಗೆನಿಸ್ ಅಕ್ರಿತಾಸ್ ಕಾವ್ಯದ ಎರಡು ಪಾಠಗಳು

ಪ್ರಶ್ನೆ: ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯ) ಕಾಲದ ಗ್ರೀಕ್ ವೀರಕಾವ್ಯ ‘ದಿಗೆನಿಸ್ ಅಕ್ರಿತಾಸ್’ ಅನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಗೆಳತಿಯೊಬ್ಬಳು ಬೇರೆ ಅನುವಾದ ಓದಿದ್ದಾಳೆ. ನನ್ನ ಪುಸ್ತಕದಲ್ಲಿ ನಾಯಕ ಮ್ಯಾಕ್ಸಿಮೊ ಎಂಬ ಯೋಧೆಯನ್ನು ಬೆನ್ನಟ್ಟಿ ಹೋಗಿ ಕೊಲ್ಲುತ್ತಾನೆ, ಅವಳ ಪುಸ್ತಕದಲ್ಲಿ ಕೊಲ್ಲುವುದೇ ಇಲ್ಲ. ಅವಳ ಪುಸ್ತಕ ದ್ವಂದ್ವಯುದ್ಧದ ನಡುವಿನಿಂದ ಏಕಾಏಕಿ ಶುರುವಾಗುತ್ತದೆ. ಇವುಗಳಲ್ಲಿ ಅಸಲಿ ಯಾವುದು? ದಿಗೆನಿಸ್ ಎಂಬವನು ನಿಜಕ್ಕೂ ಇದ್ದನೆ? ಇದು ಹಾಡಿದ್ದೋ ಬರೆದದ್ದೋ? ಹೊಸಬರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೀವಿಬ್ಬರೂ ಓದಿರುವುದು ಬೇರೆ ಬೇರೆ ಹಸ್ತಪ್ರತಿಗಳನ್ನು. ನಿಮ್ಮದು ಗ್ರೊತ್ತಾಫೆರಾತಾ ಪ್ರತಿ, ನಿಮ್ಮ ಗೆಳತಿಯದು ಎಸ್ಕೊರಿಯಲ್ ಪ್ರತಿ. ವಿದ್ವಾಂಸರು ಇವನ್ನು ಚುಟುಕಾಗಿ ‘ಜಿ’ ಮತ್ತು ‘ಇ’ ಎನ್ನುತ್ತಾರೆ. ಎರಡೂ ಒಂದೇ ಕಥೆ ಹೇಳುತ್ತವೆ, ಆದರೆ ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಿದ್ದಲ್ಲ. ಎರಡಕ್ಕೂ ಹಿಂದೆ ಇದ್ದಿರಬೇಕಾದ ಮೂಲ ಕಾವ್ಯ ನಮ್ಮ ಕೈಗೆ ಸಿಕ್ಕಿಲ್ಲ. ಹಾಗಾಗಿ ‘ಅಸಲಿ ಯಾವುದು’ ಎಂಬ ಪ್ರಶ್ನೆಗೆ ನೇರ ಉತ್ತರ: ಎರಡೂ ಅಲ್ಲ. ಯಾವ ಪ್ರತಿ ಯಾವುದಕ್ಕೆ ನಂಬಿಕಸ್ಥ ಎಂದು ಕೇಳಿದರೆ ಮಾತ್ರ ಮುಂದಕ್ಕೆ ಹೋಗಲು ದಾರಿಯಿದೆ.

ಮೊದಲು ಕಥೆಯ ಎಲುಬುಗೂಡು. ಸಿರಿಯಾದ ಒಬ್ಬ ಅರಬ್ ಅಮೀರ ಗಡಿ ದಾಟಿ ಕಪಡೋಕಿಯಾಕ್ಕೆ (ಈಗಿನ ಟರ್ಕಿಯ ನಡುಭಾಗ) ನುಗ್ಗಿ ಒಬ್ಬ ಬೈಜಾಂಟೈನ್ ಸೇನಾಪತಿಯ ಮಗಳನ್ನು ಹೊತ್ತೊಯ್ಯುತ್ತಾನೆ. ಅವಳ ಐವರು ಅಣ್ಣತಮ್ಮಂದಿರು ಬೆನ್ನು ಹತ್ತುತ್ತಾರೆ. ಕಿರಿಯವನಾದ ಕಾನ್‌ಸ್ಟಂಟೈನ್ ಅಮೀರನನ್ನು ದ್ವಂದ್ವಯುದ್ಧದಲ್ಲಿ ಸೋಲಿಸುತ್ತಾನೆ. ಅಮೀರ ಕ್ರೈಸ್ತನಾಗಿ ಅವಳನ್ನೇ ಮದುವೆಯಾಗುತ್ತಾನೆ. ಅವರ ಮಗನೇ ಬಾಸಿಲ್. ‘ದಿಗೆನಿಸ್’ ಎಂದರೆ ಎರಡು ಕುಲದವನು, ‘ಅಕ್ರಿತಾಸ್’ ಎಂದರೆ ಗಡಿಯವನು. ಗ್ರೀಕಿನಲ್ಲಿ ‘ಆಕ್ರಾ’ ಎಂದರೆ ಅಂಚು, ತುದಿ. (ಗ್ರೀಕರು ಈ ಹೆಸರನ್ನು ‘ದಿಯೆನೀಸ್’ ಎಂದೇ ಉಚ್ಚರಿಸುತ್ತಾರೆ. ಇಂಗ್ಲಿಷ್ ಪುಸ್ತಕಗಳ ರೂಢಿ ಹಿಡಿದು ಇಲ್ಲಿ ದಿಗೆನಿಸ್ ಎಂದೇ ಬರೆದಿದ್ದೇನೆ.) ಹುಡುಗ ಬೇಟೆಯಲ್ಲಿ ಕರಡಿಯನ್ನು ಬರಿಗೈಯಲ್ಲಿ ಅಮುಕಿ ಕೊಲ್ಲುತ್ತಾನೆ, ಓಡಿಹೋಗಿ ಜಿಂಕೆಯನ್ನು ಹಿಡಿದು ಎರಡಾಗಿ ಸೀಳುತ್ತಾನೆ. ಸಿಂಹ ಎದುರಾದಾಗ ಹಿರಿಯರು, ಇದು ಸೀಳುವುದಕ್ಕೆ ಜಿಂಕೆಯಲ್ಲ, ಕತ್ತಿ ತಗೋ ಎಂದು ಎಚ್ಚರಿಸಬೇಕಾಗುತ್ತದೆ. ಮುಂದೆ ಅವನೂ ಅಪ್ಪನ ಹಾಗೆಯೇ ಒಬ್ಬ ಸೇನಾಪತಿಯ ಮಗಳನ್ನು ಹಾರಿಸಿಕೊಂಡು ಹೋಗಿ ಮದುವೆಯಾಗುತ್ತಾನೆ. ಗಡಿಯಲ್ಲಿ ಹೆಂಡತಿಯೊಡನೆ ಒಂಟಿಯಾಗಿ ಬದುಕುತ್ತಾ ಡ್ರ್ಯಾಗನ್, ಸಿಂಹ, ಡಕಾಯಿತರು, ಕೊನೆಗೆ ಮ್ಯಾಕ್ಸಿಮೊ, ಎಲ್ಲರನ್ನೂ ಸೋಲಿಸುತ್ತಾನೆ. ಯೂಫ್ರೆಟಿಸ್ ದಂಡೆಯಲ್ಲಿ ಅರಮನೆ ಕಟ್ಟಿಸಿ, ಇನ್ನೂ ಪ್ರಾಯದಲ್ಲಿರುವಾಗಲೇ ಕಾಯಿಲೆ ಬಿದ್ದು ಸಾಯುತ್ತಾನೆ. ಅದೇ ಗಳಿಗೆಯಲ್ಲಿ ಹೆಂಡತಿಯೂ ಸಾಯುತ್ತಾಳೆ.

ಇದು ಅಪ್ಪನದೊಂದು, ಮಗನದೊಂದು, ಹೀಗೆ ಎರಡು ಕಥೆಗಳನ್ನು ಹೊಲಿದ ಕಾವ್ಯ. ಹೊಲಿಗೆಯ ಗುರುತು ಎದ್ದು ಕಾಣುತ್ತದೆ. ಅಮೀರನ ಭಾಗದಲ್ಲಿ ದಾಳಿ, ಸೆರೆ, ಒತ್ತೆ, ಮತಾಂತರ ಎಲ್ಲ ಬರುತ್ತವೆ, ನಿಜವಾದ ಗಡಿಯ ವಾಸನೆ ಇದೆ. ಮಗನ ಭಾಗಕ್ಕೆ ಬಂದರೆ ಅರಬರೊಂದಿಗೆ ಯುದ್ಧವೇ ಹೆಚ್ಚುಕಡಿಮೆ ಇಲ್ಲ. ‘ಗಡಿಕಾಯುವ ವೀರ’ ಎಂದು ನಂಬಿ ಪುಸ್ತಕ ಹಿಡಿದವರು ಇಲ್ಲಿ ನಿರಾಸೆಪಡುತ್ತಾರೆ. ದಿಗೆನಿಸ್ ಒಂದು ಸಲವೂ ಚಕ್ರವರ್ತಿಯ ಸೈನ್ಯದಲ್ಲಿ ನಿಂತು ಹೋರಾಡುವುದಿಲ್ಲ. ಜಿ ಪ್ರತಿಯಲ್ಲಿ ಚಕ್ರವರ್ತಿಯೇ ಅವನನ್ನು ನೋಡಲು ಯೂಫ್ರೆಟಿಸ್‌ವರೆಗೆ ಬರುತ್ತಾನೆ. ಅದಕ್ಕೆ ದಿಗೆನಿಸ್ ಕಳಿಸುವ ಉತ್ತರ ನೋಡಿ: ಕೆಲವೇ ಜನರ ಜೊತೆ ಬನ್ನಿ, ನಿಮ್ಮ ಸೈನಿಕರಲ್ಲಿ ಅನುಭವವಿಲ್ಲದವರು ಏನಾದರೂ ಸಲ್ಲದ ಮಾತಾಡಿದರೆ ನಿಮಗೆ ಅಷ್ಟು ಜನ ಕಡಿಮೆಯಾಗುತ್ತಾರೆ. ವಿನಯದ ಬಟ್ಟೆ ತೊಟ್ಟ ಬೆದರಿಕೆ ಇದು. ಇ ಪ್ರತಿಯಲ್ಲಿ ಈ ಭೇಟಿಯೇ ಇಲ್ಲ.

ಈಗ ಪ್ರತಿಗಳ ವಿಷಯ. ಗ್ರೀಕಿನಲ್ಲಿ ಉಳಿದಿರುವುದು ಆರು ರೂಪ. 1875ರವರೆಗೆ ಈ ಕಾವ್ಯ ಪಂಡಿತರಿಗೆ ಗೊತ್ತೇ ಇರಲಿಲ್ಲ. ದಿಗೆನಿಸ್‌ನ ಜನಪದ ಹಾಡುಗಳು ಮಾತ್ರ ಗೊತ್ತಿದ್ದವು. ಆ ವರ್ಷ ಸಾಥಾಸ್ ಮತ್ತು ಲೆಗ್ರಾಂ ಎಂಬ ವಿದ್ವಾಂಸರು ಪ್ಯಾರಿಸ್‌ನಲ್ಲಿ ಟ್ರೆಬಿಜಾಂಡ್ (ಈಗಿನ ಟರ್ಕಿಯ ತ್ರಾಬ್ಜೊನ್) ಪ್ರತಿಯನ್ನು ಅಚ್ಚು ಹಾಕಿಸಿದರು. ಆಮೇಲೆ ಸಾಲಾಗಿ ಸಿಗುತ್ತಾ ಹೋದವು. ಆಂಡ್ರೊಸ್ ದ್ವೀಪದ ಪ್ರತಿ 1881ರಲ್ಲಿ ಅಚ್ಚಾಯಿತು, ಎಲ್ಲಕ್ಕಿಂತ ಉದ್ದ ಅದು, 4,700ಕ್ಕೂ ಹೆಚ್ಚು ಸಾಲು. ಕಿಯೊಸ್ ದ್ವೀಪದ ಇಗ್ನೇಷಿಯಸ್ ಪೆಟ್ರಿಟ್ಸಿಸ್ 1670ರಲ್ಲಿ ಪ್ರಾಸಬದ್ಧವಾಗಿ ಹೊಸೆದ ಒಂದು ರೂಪವಿದೆ, ಅದು ಆಕ್ಸ್‌ಫರ್ಡ್‌ನಲ್ಲಿದೆ. 17ನೇ ಶತಮಾನದ್ದೇ ಒಂದು ಗದ್ಯರೂಪವೂ ಇದೆ. ಇವುಗಳಲ್ಲಿ ಹೊಸ ಓದುಗರಿಗೆ ತುರ್ತಾಗಿ ಬೇಕಾದದ್ದು ಯಾವುದೂ ಇಲ್ಲ. ಗ್ರೀಕಿನಾಚೆ ಹಳೆಯ ಸ್ಲಾವಿಕ್ ಗದ್ಯದಲ್ಲೂ ಒಂದು ದಿಗೆನಿಸ್ ಇದ್ದಾನೆ, ಅಲ್ಲಿ ಹೆಸರು ದೆವ್‌ಗೆನಿ. ಅದರ ಒಂದು ಪ್ರತಿ ಈಗೊರ್‌ನ ದಂಡಯಾತ್ರೆಯ ಪ್ರಸಿದ್ಧ ರಷ್ಯನ್ ಕಾವ್ಯದ ಜೊತೆಗೆ ಒಂದೇ ಕಟ್ಟಿನಲ್ಲಿತ್ತು. 1812ರ ಮಾಸ್ಕೋ ಬೆಂಕಿಯಲ್ಲಿ ಕಟ್ಟು ಪೂರ್ತಿ ಸುಟ್ಟುಹೋಯಿತು.

ಉಳಿದದ್ದು ಜಿ ಮತ್ತು ಇ. ಜಿ ರೋಮ್ ಹತ್ತಿರದ ಗ್ರೊತ್ತಾಫೆರಾತಾ ಮಠದ್ದು. ಸುಮಾರು 1300ರಲ್ಲಿ ಬರೆದ ಪ್ರತಿ, ಎಲ್ಲಕ್ಕಿಂತ ಹಳೆಯದು. ಎಂಟು ಕಾಂಡ, ಸುಮಾರು 3,700 ಸಾಲು. ನಾಲ್ಕನೆಯ ಕಾಂಡವೊಂದೇ ಸಾವಿರ ಸಾಲು ದಾಟುತ್ತದೆ, ಬಾಲ್ಯ, ಬೇಟೆ, ಹುಡುಗಿಯ ಅಪಹರಣ, ಚಕ್ರವರ್ತಿಯ ಭೇಟಿ ಎಲ್ಲ ಅಲ್ಲೇ ಇವೆ. ಭಾಷೆ ಓದು ಬರಹ ಬಲ್ಲವರದು, ಅಲ್ಲಲ್ಲಿ ನೀತಿಬೋಧೆಯ ಒಗ್ಗರಣೆ. ಇ ಮ್ಯಾಡ್ರಿಡ್ ಹತ್ತಿರದ ಎಸ್ಕೊರಿಯಲ್ ಗ್ರಂಥಾಲಯದ್ದು, 15ನೇ ಶತಮಾನದ ಕೊನೆಯ ಪ್ರತಿ. ಹೆಚ್ಚುಕಡಿಮೆ ಅರ್ಧದಷ್ಟು ಉದ್ದ, 1,867 ಸಾಲು. ಭಾಷೆ ಆಡುಮಾತಿಗೆ ಹತ್ತಿರ, ಬಿಗಿ, ಚುರುಕು. ಆದರೆ ಲಿಪಿಕಾರನ ಕೆಲಸ ತೀರ ಕೆಟ್ಟದು. ಸಾಲುಗಳು ಮುರಿದಿವೆ, ಛಂದಸ್ಸು ಕುಂಟುತ್ತದೆ, ಮೊದಲ ಭಾಗವೇ ಬಿದ್ದುಹೋಗಿದೆ. ನಿಮ್ಮ ಗೆಳತಿಯ ಪುಸ್ತಕ ಕಾಳಗದ ನಡುವೆ ಶುರುವಾಗುವುದು ಇದೇ ಕಾರಣಕ್ಕೆ, ಕವಿಯ ಜಾಣತನದಿಂದಲ್ಲ.

ಇಲ್ಲಿ ಜನ ಎಡವುವುದು ಹೇಗೆಂದರೆ, ಜಿ ಹಳೆಯ ಪ್ರತಿ, ಆದ್ದರಿಂದ ಜಿ ಹೇಳಿದ್ದೇ ಹಳೆಯ ಕಥೆ ಎಂದು ಹೊರಟುಬಿಡುತ್ತಾರೆ. ಪ್ರತಿಯ ವಯಸ್ಸು ಬೇರೆ, ಪಾಠದ, ಅಂದರೆ ಅದರಲ್ಲಿ ಬರೆದಿರುವ ಕಾವ್ಯರೂಪದ, ವಯಸ್ಸು ಬೇರೆ. ತಡವಾಗಿ ಬರೆದ ಕೆಟ್ಟ ಪ್ರತಿಯೂ ಹಳೆಯ ಪಾಠವನ್ನು ಹೊತ್ತಿರಬಹುದು. ಇದಕ್ಕೆ ಎದುರಾದ ತಪ್ಪೂ ಅಷ್ಟೇ ಸಾಮಾನ್ಯ: ಇ ಭಾಷೆ ಜನರ ಬಾಯಿಗೆ ಹತ್ತಿರ, ಆದ್ದರಿಂದ ಅದು ಹಾಡುಗಾರನ ಬಾಯಿಂದಲೇ ಇಳಿದದ್ದು ಎಂಬ ಉತ್ಸಾಹ. ಇ ಕೂಡ ಬರಹದ ದಾರಿಯಲ್ಲೇ ಬಂದದ್ದು, ನಕಲಿನ ತಪ್ಪುಗಳೇ ಅದಕ್ಕೆ ಸಾಕ್ಷಿ. ಎರಡಕ್ಕೂ ಸಮಾನವಾಗಿರುವ ಪ್ರಸಂಗ, ಸಮಾನವಾದ ಮಾತು ಎಲ್ಲೆಲ್ಲಿ ಸಿಗುತ್ತದೋ ಅಲ್ಲಿ ಕಾಲು ಗಟ್ಟಿ ನೆಲದ ಮೇಲಿದೆ ಎಂದುಕೊಳ್ಳಬಹುದು. ಒಂದರಲ್ಲಿ ಮಾತ್ರ ಇರುವುದಕ್ಕೆ ಆಯಾ ಪ್ರತಿಯ ಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಅಳತೆಗೋಲನ್ನು ಮ್ಯಾಕ್ಸಿಮೊ ಮೇಲೆಯೇ ಇಟ್ಟು ನೋಡೋಣ. ದಿಗೆನಿಸ್‌ಗೆ ಸೋತ ಡಕಾಯಿತರ ಮುದಿ ನಾಯಕ ಫಿಲೊಪಪ್ಪೂಸ್ ತನ್ನ ಬಂಧುವಾದ ಮ್ಯಾಕ್ಸಿಮೊಳ ನೆರವು ಕೇಳುತ್ತಾನೆ. ಅವಳು ದಂಡು ಕಟ್ಟಿಕೊಂಡು ಬರುತ್ತಾಳೆ, ಹೊಳೆಯ ಹತ್ತಿರ ಕಾಳಗವಾಗುತ್ತದೆ, ದಿಗೆನಿಸ್ ಅವಳ ಕುದುರೆಯನ್ನು ಕೆಡವುತ್ತಾನೆ, ಅವಳು ಸೋಲುತ್ತಾಳೆ, ಇಬ್ಬರೂ ಕೂಡುತ್ತಾರೆ. ಇಲ್ಲಿಯವರೆಗೆ ಜಿ ಮತ್ತು ಇ ಎರಡೂ ಒಂದೇ ದಾರಿ. ಇ ಇಲ್ಲಿಗೆ ಬಿಡುತ್ತದೆ. ಜಿ ಬಿಡುವುದಿಲ್ಲ. ದಿಗೆನಿಸ್ ಮನೆಗೆ ಬರುತ್ತಾನೆ, ತಡವಾದದ್ದೇಕೆ ಎಂದು ಹೆಂಡತಿ ಅನುಮಾನಪಡುತ್ತಾಳೆ, ಮ್ಯಾಕ್ಸಿಮೊಳ ಗಾಯ ತೊಳೆಯುತ್ತಿದ್ದೆ ಎಂದು ಇವನು ಸುಳ್ಳು ಹೇಳುತ್ತಾನೆ. ಆಮೇಲೆ ಬೇಟೆಯ ನೆಪ ಹೂಡಿ ಕುದುರೆ ಹತ್ತಿ ಮ್ಯಾಕ್ಸಿಮೊಳನ್ನು ಬೆನ್ನಟ್ಟಿ ಕೊಲ್ಲುತ್ತಾನೆ. ಕೆಲವೇ ಸಾಲು, ಅಷ್ಟೇ. ಕಾರಣವಾಗಲಿ ಕಾಳಗವಾಗಲಿ ಇಲ್ಲ, ತಪ್ಪಿಗೆ ಶಿಕ್ಷೆ ಎಂಬ ಧಾಟಿ ಮಾತ್ರ, ಅದೂ ತಪ್ಪು ಮಾಡಿದವನೇ ಕೊಡುವ ಶಿಕ್ಷೆ. ಜಿ ಪ್ರತಿಯ ಬೇರೆ ಕಡೆಯ ನೀತಿಬೋಧೆಗೆ ಇದು ಸರಿಯಾಗಿ ಹೊಂದುತ್ತದೆ. ಐದನೆಯ ಕಾಂಡದಲ್ಲೂ ಹಾಗೇ: ಪ್ರಿಯಕರ ಕೈಬಿಟ್ಟು ಹೋದ ಅರಬ್ ಹುಡುಗಿಯೊಬ್ಬಳನ್ನು ಮರುಭೂಮಿಯಲ್ಲಿ ಕಂಡು, ರಕ್ಷಿಸುವ ದಾರಿಯಲ್ಲೇ ಅವಳ ಮೇಲೆ ಎರಗಿ, ಬಳಿಕ ಪಶ್ಚಾತ್ತಾಪ ಪಡುವ ನಾಯಕನನ್ನು ನೋಡುತ್ತೇವೆ. ಆ ಪ್ರಸಂಗವೂ ಇ ಪ್ರತಿಯಲ್ಲಿಲ್ಲ. ನನ್ನ ಮಟ್ಟಿಗೆ ಮ್ಯಾಕ್ಸಿಮೊಳ ಕೊಲೆ ಯಾರೋ ಧರ್ಮಭೀರು ಕೈ ಸೇರಿಸಿದ ಬಾಲ. ಕಥೆ ಆ ಕೊಲೆಯನ್ನು ಎಲ್ಲೂ ಕೇಳುವುದಿಲ್ಲ.

ಮ್ಯಾಕ್ಸಿಮೊ ಬಗ್ಗೆ ಇನ್ನೊಂದು ಮಾತು, ನಮ್ಮ ಓದುಗರಿಗೆ ಕುತೂಹಲ ಆಗಬಹುದಾದದ್ದು. ಜಿ ಪ್ರತಿ ಅವಳ ಕುಲ ಹೇಳುವಾಗ, ದೊರೆ ಅಲೆಕ್ಸಾಂಡರ್ ಬ್ರಾಹ್ಮಣರ ನಾಡಿನಿಂದ ಕರೆತಂದ ಅಮೆಜಾನ್ ಎಂಬ ಕಥೆಗಳ ಯೋಧೆಯರ ಸಂತತಿ ಅವಳು ಎನ್ನುತ್ತದೆ. ಕವಿಗೆ ಭಾರತ ಗೊತ್ತಿತ್ತೆಂದು ಇದರಿಂದ ಹಿಗ್ಗಬೇಕಿಲ್ಲ. ಅಲೆಕ್ಸಾಂಡರನ ಬಗ್ಗೆ ಹಬ್ಬಿದ್ದ ಕಟ್ಟುಕಥೆಗಳಲ್ಲಿ ಭೂಮಿಯ ಕೊನೆಯಲ್ಲಿರುವ ವಿಚಿತ್ರ ಜನರ ಸಾಲಿನಲ್ಲಿ ಬ್ರಾಹ್ಮಣರೂ ಅಮೆಜಾನರೂ ಅಕ್ಕಪಕ್ಕ ಬರುತ್ತಾರೆ. ಇದು ಅಲ್ಲಿಂದ ಬಂದ ಸರಕು.

ಇ ಪ್ರತಿಯ ರುಚಿ ಯಾವುದರಲ್ಲಿದೆ ಎಂದು ತೋರಿಸಲು ಒಂದು ಪ್ರಸಂಗ ಸಾಕು. ಹುಡುಗ ದಿಗೆನಿಸ್‌ಗೆ ‘ಅಪೆಲಾತಿ’ಗಳನ್ನು ಸೇರುವ ಆಸೆ. ಅಪೆಲಾತಿ ಎಂದರೆ ಮೂಲಾರ್ಥದಲ್ಲಿ ದನ ಹೊಡೆದುಕೊಂಡು ಹೋಗುವವನು, ಗಡಿಯ ದರೋಡೆಕೋರ. ಕಾಡುಮೃಗಗಳ ತೊಗಲು ಹಾಸಿದ ಮಂಚದ ಮೇಲೆ ಒರಗಿದ ಫಿಲೊಪಪ್ಪೂಸ್ ಹುಡುಗನನ್ನು ಪರೀಕ್ಷಿಸುತ್ತಾನೆ: ಹದಿನೈದು ದಿನ ಊಟ ನಿದ್ದೆ ಇಲ್ಲದೆ ಕಾವಲು ಕೂರಬಲ್ಲೆಯಾ? ಆಮೇಲೆ ಹೋಗಿ ಸಿಂಹ ಕೊಂದು ತೊಗಲು ತರಬಲ್ಲೆಯಾ? ಶ್ರೀಮಂತರ ದಿಬ್ಬಣಕ್ಕೆ ನುಗ್ಗಿ ಮದುಮಗಳನ್ನು ಎತ್ತಿಕೊಂಡು ಬರಬಲ್ಲೆಯಾ? ಅದೆಲ್ಲ ನಾನು ಐದು ವರ್ಷದವನಿದ್ದಾಗಲೇ ಮಾಡಿದ್ದೇನೆ ಎನ್ನುತ್ತಾನೆ ಹುಡುಗ. ಆಮೇಲೆ ದೊಣ್ಣೆ ಹಿಡಿದು ಅಲ್ಲಿದ್ದ ಡಕಾಯಿತರನ್ನೆಲ್ಲ ಬಡಿದು, ಅವರ ದೊಣ್ಣೆಗಳನ್ನು ಒಟ್ಟುಮಾಡಿ ತಂದು ಮುದುಕನ ಮುಂದೆ ಹಾಕುತ್ತಾನೆ: ತಗೋ ನಿನ್ನವರ ದೊಣ್ಣೆಗಳು, ಸಾಲದಿದ್ದರೆ ನಿನಗೂ ಕೊಡುತ್ತೇನೆ. ಈ ತುಂಟ, ಒರಟು, ಬಾಯಿಬಡುಕ ಹುಡುಗ ಜಿ ಪ್ರತಿಯಲ್ಲಿ ಸಿಗುವುದಿಲ್ಲ. ಅಲ್ಲಿನವನು ಕುಲೀನ, ಸಂಯಮಿ, ಸ್ವಲ್ಪ ಬೇಸರ ಹಿಡಿಸುವವನು. ಜಿ ಕಾವ್ಯದ ಐದು ಮತ್ತು ಆರನೆಯ ಕಾಂಡಗಳನ್ನು ನಾಯಕನೇ ಉತ್ತಮಪುರುಷದಲ್ಲಿ ಹೇಳಿಕೊಳ್ಳುತ್ತಾನೆ. ಆರನೆಯದು ಮೇ ತಿಂಗಳ ವರ್ಣನೆಯಿಂದ ಶುರು. ಹೂವು, ತೊರೆ, ತೋಟ, ಹೆಂಡತಿಯ ಚೆಲುವು ಎಲ್ಲ ಹಳೆಯ ಗ್ರೀಕ್ ಪ್ರಣಯ ಕಾದಂಬರಿಗಳಿಂದ, ಮುಖ್ಯವಾಗಿ ಅಕಿಲೀಸ್ ಟೇಷಿಯಸ್ ಮತ್ತು ಹೆಲಿಯೊಡೊರಸ್‌ನಿಂದ, ಎತ್ತಿ ತಂದ ಸಾಲುಗಳಿಂದ ತುಂಬಿವೆ.

ಹಾಡಿದ್ದೋ ಬರೆದದ್ದೋ ಎಂಬುದಕ್ಕೆ ಬರುತ್ತೇನೆ. ಛಂದಸ್ಸು ಹದಿನೈದು ಅಕ್ಷರದ ಸಾಲು, ಎಂಟು ಮತ್ತು ಏಳರ ನಡುವೆ ಯತಿ. ನಮ್ಮ ಷಟ್ಪದಿಯಲ್ಲಿ ಮಾತ್ರೆ ಎಣಿಸುವ ಹಾಗೆ ಇಲ್ಲಿ ಎಣಿಸಬೇಡಿ. ಅಕ್ಷರ ಎಣಿಸಬೇಕು, ಗುರು ಲಘು ಬಿಟ್ಟು ಒತ್ತು ಎಲ್ಲಿ ಬೀಳುತ್ತದೆ ಎಂದು ಕೇಳಿಸಿಕೊಳ್ಳಬೇಕು. ಇ ಪ್ರತಿಯ ಶುರುವಿನಲ್ಲಿ ಅಣ್ಣಂದಿರು ಕಿರಿಯ ತಮ್ಮನನ್ನು ದ್ವಂದ್ವಕ್ಕೆ ಹುರಿದುಂಬಿಸುವ ಸಾಲು ಹೀಗಿದೆ:

ಮಿ-ಫೊ-ವಿ-ಥಿಸ್-ತೊನ್-ಥಾ-ನ-ತೊನ್ / ಪ-ರಾ-ಮಿ-ತ್ರೊಸ್-ಕ-ತಾ-ರನ್

‘ಸಾವಿಗೆ ಹೆದರಬೇಡ, ಹೆದರುವುದಾದರೆ ತಾಯಿಯ ಶಾಪಕ್ಕೆ ಹೆದರು’ ಎಂದು ಭಾವ. ಎಣಿಸಿ: ಮೊದಲರ್ಧ ಎಂಟು, ಎರಡನೆಯದು ಏಳು. ಒತ್ತು ಬೀಳುವುದು ಥಿಸ್, ಥಾ, ರಾ, ತ್ರೊಸ್, ತಾ ಮೇಲೆ. ಅಂದರೆ ನಾಲ್ಕು, ಆರು, ಹತ್ತು, ಹನ್ನೆರಡು, ಹದಿನಾಲ್ಕನೆಯ ಅಕ್ಷರ. ಒತ್ತು ಸಮಸ್ಥಾನಗಳಲ್ಲಿ ಬೀಳುವುದು ರೂಢಿ, ಹದಿನಾಲ್ಕನೆಯದರ ಮೇಲೆ ಬೀಳುವುದಂತೂ ಕಡ್ಡಾಯ. ಇ ಪ್ರತಿಯಲ್ಲಿ ಎಣಿಕೆ ತಪ್ಪಿದ ಸಾಲು ಬಂದರೆ ಸಂಪಾದಕರು ಮೊದಲು ಅನುಮಾನಿಸುವುದು ಲಿಪಿಕಾರನನ್ನು. ತಿದ್ದುವುದರಲ್ಲಿ ಎಷ್ಟು ಧೈರ್ಯ ಮಾಡಬಹುದು ಎಂಬಲ್ಲಿ ಅವರವರಲ್ಲೇ ಜಗಳ. 1985ರ ಅಲೆಕ್ಸಿಯೂ ಸಂಪಾದನೆ ಇ ಪ್ರತಿಯನ್ನು ಧಾರಾಳವಾಗಿ ತಿದ್ದಿದೆ, ಓದಲು ಸೊಗಸು. ಆದರೆ ಅದರಲ್ಲಿ ಕಂಡದ್ದೆಲ್ಲ ಹಸ್ತಪ್ರತಿಯಲ್ಲಿದೆ ಎಂದುಕೊಳ್ಳಬಾರದು.

ಈ ಛಂದಸ್ಸಿಗೆ ಗ್ರೀಕರು ‘ಪೊಲಿತಿಕೊಸ್’ ಎನ್ನುತ್ತಾರೆ. ಇಂಗ್ಲಿಷ್ ಹೆಸರನ್ನು ನೋಡಿ ‘ರಾಜಕೀಯ ಛಂದಸ್ಸು’ ಎಂದು ಅನುವಾದಿಸಿ ನಗೆಪಾಟಲಾಗಬೇಡಿ. ಇಲ್ಲಿ ಆ ಮಾತಿನ ಅರ್ಥ ಎಲ್ಲರ ಬಳಕೆಯದು, ಸಾಮಾನ್ಯವಾದದ್ದು ಎಂದು. ಇವತ್ತಿಗೂ ಗ್ರೀಕ್ ಜನಪದ ಹಾಡುಗಳ ಮುಖ್ಯ ಮಟ್ಟು ಇದೇ.

ಹಾಡುಗಳು ಇದ್ದವು ಎನ್ನುವುದರಲ್ಲಿ ಸಂದೇಹವಿಲ್ಲ. 10ನೇ ಶತಮಾನದ ಶುರುವಿನಲ್ಲೇ ಸಿಸೇರಿಯಾದ ಬಿಷಪ್ ಅರೆಥಾಸ್, ಪಫ್ಲಗೋನಿಯಾದ ಅಲೆಮಾರಿಗಳು ಹೆಸರಾಂತ ವೀರರ ಮೇಲೆ ಹಾಡು ಕಟ್ಟಿ ಮನೆಮನೆಗೆ ಹೋಗಿ ಕಾಸಿಗೆ ಹಾಡುತ್ತಾರೆ ಎಂದು ಮೂಗು ಮುರಿದು ಬರೆದಿದ್ದಾನೆ. 12ನೇ ಶತಮಾನದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಡಕವಿಯ ಸೋಗಿನಲ್ಲಿ ಬರೆದ ಪದ್ಯಗಳು ಚಕ್ರವರ್ತಿ ಮೊದಲನೆಯ ಮ್ಯಾನುಯೆಲ್‌ನನ್ನು ‘ಹೊಸ ಅಕ್ರಿತಿಸ್’ ಎಂದು ಹೊಗಳುತ್ತವೆ. ಅಂದರೆ ರಾಜಧಾನಿಯಲ್ಲಿ ಹೆಸರು ಹೇಳಿದರೆ ಸಾಕು, ವಿವರಿಸಬೇಕಿರಲಿಲ್ಲ. ಹಳೆಯ ಹಾಡುಗಳನ್ನು ಕೇಳಿ ಬೆಳೆದ, ಪ್ರಣಯ ಕಾದಂಬರಿಗಳನ್ನೂ ಓದಿದ ಒಬ್ಬ ಬರಹಗಾರ 12ನೇ ಶತಮಾನದಲ್ಲಿ ಕೂತು ಈ ಕಾವ್ಯ ಕಟ್ಟಿದ ಎನ್ನುವುದು ಈಗ ಹೆಚ್ಚು ಜನ ಒಪ್ಪುವ ಮಾತು. ನನಗೂ ಅದೇ ಸರಿ ಕಾಣುತ್ತದೆ.

ಇನ್ನು ಅವನು ಇದ್ದನೆ ಎಂಬ ಪ್ರಶ್ನೆ. ದಿಗೆನಿಸ್ ಎಂಬ ಚಾರಿತ್ರಿಕ ವ್ಯಕ್ತಿಯನ್ನು ಹುಡುಕಿದವರೆಲ್ಲ ಕೈ ಖಾಲಿ ಮಾಡಿಕೊಂಡು ಬಂದಿದ್ದಾರೆ. ಆದರೆ ಅವನ ಅಪ್ಪನ ನೆಂಟರ ಹೆಸರುಗಳನ್ನು ನೋಡಿ. ಅಮೀರನ ಅಜ್ಜ ಅಂಬ್ರೋನ್, ಮಾವ ಕರೊಯೆಸ್, ಅಪ್ಪ ಕ್ರಿಸೊವೆರ್ಗೆಸ್ ಅಥವಾ ಕ್ರಿಸೊಹೆರ್ಪೆಸ್. ಅಂಬ್ರೋನ್ ಎಂದರೆ ಮೆಲಿಟೀನ್, ಅಂದರೆ ಈಗಿನ ಟರ್ಕಿಯ ಮಲಾತ್ಯಾದ ಅಮೀರ ಉಮರ್, 863ರ ಕದನದಲ್ಲಿ ಸತ್ತವನು. ಉಳಿದಿಬ್ಬರು ಕರ್ಬೆಯಾಸ್ ಮತ್ತು ಕ್ರಿಸೊಹೀರ್. ಇವರು ಅರಬರೇ ಅಲ್ಲ. ಚರ್ಚು ಪಾಷಂಡಿಗಳೆಂದು ಹೊರದಬ್ಬಿದ ಪೌಲಿಷಿಯನ್ ಎಂಬ ಕ್ರೈಸ್ತ ಪಂಥದ ದಂಡನಾಯಕರು, ತೆಫ್ರಿಕೆ ಕೋಟೆಯಲ್ಲಿ ನೆಲೆಸಿ ಮೆಲಿಟೀನ್‌ನ ಅಮೀರನ ಜೊತೆ ಸೇರಿ ಚಕ್ರವರ್ತಿಯ ನೆಲದ ಮೇಲೆ ದಾಳಿ ಮಾಡುತ್ತಿದ್ದವರು. ಜನರ ನೆನಪು ಇವರನ್ನೆಲ್ಲ ಒಂದೇ ಅರಬ್ ಮನೆತನವಾಗಿ ಕಲಸಿಬಿಟ್ಟಿದೆ. ಗಡಿಯಾಚೆ ಮುಸ್ಲಿಮರ ಕಡೆಯೂ ಇದೇ ಮೆಲಿಟೀನ್ ಸುತ್ತ ಕಥೆಗಳಿವೆ. ಅರಬ್ಬಿಯ ‘ದಾತ್ ಅಲ್ ಹಿಮ್ಮಾ’, ತುರ್ಕರ ಬತ್ತಾಲ್ ಗಾಜಿಯ ಕಥೆಗಳು ಗಡಿಯ ಆ ಬದಿಯಿಂದ ಕಂಡ ಅದೇ ನೋಟ.

ಆ ಗಡಿಯ ಬದುಕು ಹೇಗಿತ್ತು ಎಂದು ತಿಳಿದರೆ ಅಮೀರನ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಟಾರಸ್ ಬೆಟ್ಟಸಾಲಿನಿಂದ ಯೂಫ್ರೆಟಿಸ್‌ವರೆಗಿನ ಗಡಿಯಲ್ಲಿ ದಾಳಿಗೆ ಕ್ಯಾಲೆಂಡರ್ ಇತ್ತು. 10ನೇ ಶತಮಾನದ ಅರಬ್ ಲೇಖಕ ಕುದಾಮಾ ಅದನ್ನು ದಿನಾಂಕ ಸಮೇತ ಕೊಡುತ್ತಾನೆ. ವಸಂತದ ದಾಳಿ ಮೇ 10ರಿಂದ ಒಂದು ತಿಂಗಳು, ಕುದುರೆಗಳು ಹಸಿರು ಮೇದು ಕೊಬ್ಬಿರುವ ಹೊತ್ತು. ಅವಕ್ಕೆ ಒಂದು ತಿಂಗಳು ವಿಶ್ರಾಂತಿ ಕೊಟ್ಟು ಜುಲೈ 10ರಿಂದ ಬೇಸಿಗೆಯ ದಾಳಿ, ಅರವತ್ತು ದಿನ. ಚಳಿಗಾಲದಲ್ಲಿ ಹೋಗಲೇಬೇಕೆಂದರೆ ಇಪ್ಪತ್ತು ದಿನ ಮೀರಕೂಡದು, ಅದೂ ಫೆಬ್ರವರಿ ಕೊನೆಗೆ, ಏಕೆಂದರೆ ಕುದುರೆ ಹೊರಬಲ್ಲ ಮೇವು ಅಷ್ಟಕ್ಕೇ ಸಾಲುತ್ತದೆ. ಗುರಿ ಊರು ಗೆಲ್ಲುವುದಲ್ಲ, ದನ ಮತ್ತು ಸೆರೆಯಾಳು. ಇದಕ್ಕೆ ಬೈಜಾಂಟೈನರ ಮದ್ದು ಅವರ ಯುದ್ಧಕೈಪಿಡಿಯಲ್ಲಿದೆ: ಬರುವಾಗ ತಡೆಯಲು ಹೋಗಬೇಡ, ಹಳ್ಳಿಯವರನ್ನು ಕೋಟೆಗೆ ಸೇರಿಸು, ದೂರದಿಂದ ಹಿಂಬಾಲಿಸು, ಲೂಟಿ ಹೊತ್ತು ದಣಿದು ಹಿಂದಿರುಗುವಾಗ ಕಣಿವೆಯಲ್ಲಿ ಬೀಳು. ಕಾವ್ಯದಲ್ಲಿ ಐವರು ಸೋದರರು ತಂಗಿಯನ್ನು ಹುಡುಕಿಕೊಂಡು ಹೋದಾಗ, ಮಾತು ಕೇಳದ ಹುಡುಗಿಯರನ್ನು ಕೊಂದು ಹಳ್ಳದಲ್ಲಿ ಎಸೆದಿದ್ದೇವೆ ಎಂದು ಅವರಿಗೆ ಹೇಳಲಾಗುತ್ತದೆ. ಅಲ್ಲಿ ಹೋಗಿ ಹೆಣಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾರೆ, ಮುಖದ ಗುರುತು ಹತ್ತುವುದಿಲ್ಲ, ತಂಗಿ ಯಾರೆಂದು ತಿಳಿಯದೆ ಎಲ್ಲರನ್ನೂ ಒಟ್ಟಿಗೆ ಮಣ್ಣು ಮಾಡಿ ಅಳುತ್ತಾರೆ. ಜಿ, ಇ ಎರಡರಲ್ಲೂ ಇದೆ. ಇಡೀ ಕಾವ್ಯದಲ್ಲಿ ಮೈ ನಡುಗಿಸುವ ಜಾಗ ಇದೊಂದೇ. ಡ್ರ್ಯಾಗನ್ ಅಲ್ಲ.

ಮೆಲಿಟೀನ್ 934ರಲ್ಲಿ ಬೈಜಾಂಟೈನ್ ದಂಡನಾಯಕ ಜಾನ್ ಕುರ್ಕುಆಸ್‌ನ ಕೈಸೇರಿತು. ಮುಂದಿನ ಕೆಲವು ದಶಕಗಳಲ್ಲಿ ಗಡಿ ಪೂರ್ವಕ್ಕೆ ಸರಿಯಿತು. 1071ರಲ್ಲಿ ಮಂಜಿಕೆರ್ಟ್‌ನಲ್ಲಿ ಸೆಲ್ಜುಕ್ ತುರ್ಕರಿಗೆ ಸೋತ ಮೇಲೆ ಆ ನೆಲವೆಲ್ಲ ಕೈಬಿಟ್ಟುಹೋಯಿತು. 12ನೇ ಶತಮಾನದಲ್ಲಿ ಕಾವ್ಯ ಕಟ್ಟಿದವನಿಗೆ ಯೂಫ್ರೆಟಿಸ್ ದಂಡೆ ಅಜ್ಜ ಮುತ್ತಜ್ಜಂದಿರು ಕಳೆದುಕೊಂಡ ಆಸ್ತಿ. ಮಗನ ಭಾಗದಲ್ಲಿ ಯುದ್ಧವೇ ಇಲ್ಲದ, ಸದಾ ಮೇ ತಿಂಗಳಿನ, ತೋಟ ಅರಮನೆಗಳ ಗಡಿ ಇರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಂಡಿಲ್ಲ. ಪ್ರಸಂಗ ಪ್ರಸಂಗಕ್ಕೂ ಒಂದೊಂದು ಚಾರಿತ್ರಿಕ ಘಟನೆ ಅಂಟಿಸುತ್ತಾ, ಜಿ ಪ್ರತಿಯ ಚಕ್ರವರ್ತಿ ಬಾಸಿಲ್ ಮೊದಲನೆಯವನೋ ಎರಡನೆಯವನೋ ಎಂದು ತಲೆ ಕೆಡಿಸಿಕೊಳ್ಳುತ್ತಾ ಹೋದ ಹಳೆಯ ವಿದ್ವತ್ತು ಈ ಕಾರಣಕ್ಕೇ ದಾರಿ ತಪ್ಪಿತು. ಬೇರೆ ಪ್ರತಿಗಳಲ್ಲಿ ಅದೇ ಜಾಗದಲ್ಲಿ ರೊಮಾನೊಸ್ ಎಂಬ ಹೆಸರಿದೆ.

ಅಂದಹಾಗೆ ‘ಅಕ್ರಿತೈ’ (ಅಕ್ರಿತಾಸ್‌ನ ಬಹುವಚನ, ಗಡಿಯವರು) ಎಂಬವರು ಕಟ್ಟುಕಥೆಯಲ್ಲ. ಗಡಿಯಲ್ಲಿ ನೆಲೆಸಿ, ತೆರಿಗೆ ವಿನಾಯಿತಿ ಮತ್ತು ಸಂಭಾವನೆ ಪಡೆದು ಕಾವಲು ಕಾಯುವವರು ಇದ್ದರು. 1261ರಲ್ಲಿ ಕಾನ್‌ಸ್ಟಾಂಟಿನೋಪಲ್ ಮರಳಿ ಕೈಸೇರಿದ ಮೇಲೆ ಎಂಟನೆಯ ಮೈಕೆಲ್ ಚಕ್ರವರ್ತಿಯ ಅಧಿಕಾರಿಯೊಬ್ಬ ಅವರ ಆಸ್ತಿಯನ್ನು ಲೆಕ್ಕ ಹಾಕಿ, ತಲಾ 40 ನಾಣ್ಯದಷ್ಟು ಆದಾಯ ಬಿಟ್ಟು ಮಿಕ್ಕಿದ್ದನ್ನು ಖಜಾನೆಗೆ ಎಳೆದುಕೊಂಡ. ಗಡಿ ಕಾಯುವ ಹುಮ್ಮಸ್ಸು ಅಲ್ಲಿಗೆ ಇಳಿಯಿತು ಎಂದು ಚರಿತ್ರಕಾರ ಪಖಿಮೆರೆಸ್ ದೂರುತ್ತಾನೆ.

ಜನಪದ ಹಾಡುಗಳನ್ನು ಕಾವ್ಯದ ಮುರುಕಲು ತುಂಡುಗಳು ಎಂದು ತಿಳಿಯಬೇಡಿ, ಅವುಗಳದು ಬೇರೆಯದೇ ಹಾದಿ. ಜಿ ಕಾವ್ಯದಲ್ಲಿ ದಿಗೆನಿಸ್ ಅಮಿದಾದಿಂದ ಬಂದ ಗೆಳೆಯರ ಜೊತೆ ಸ್ನಾನ ಮಾಡಿದ ಮೇಲೆ ಬೆನ್ನು ಬಿಲ್ಲಿನಂತೆ ಸೆಟೆಯುವ ರೋಗ ಬಂದು ಹಾಸಿಗೆಯಲ್ಲಿ ಸಾಯುತ್ತಾನೆ. ಹಾಡುಗಳಲ್ಲಿ ಹಾಗಲ್ಲ. ಅಲ್ಲಿ ಖಾರೊಸ್, ಅಂದರೆ ಸಾವು, ಖುದ್ದಾಗಿ ಬರುತ್ತಾನೆ. ಹಳೆಯ ಗ್ರೀಕರ ಅಂಬಿಗ ಖಾರೊನ್ ಇಲ್ಲಿ ಕಪ್ಪು ಬಟ್ಟೆಯ ಕುದುರೆ ಸವಾರನಾಗಿದ್ದಾನೆ. ಅಮೃತಶಿಲೆಯ ಕಣದಲ್ಲಿ ಇಬ್ಬರೂ ಮೂರು ಹಗಲು ಮೂರು ರಾತ್ರಿ ಕುಸ್ತಿ ಹಿಡಿಯುತ್ತಾರೆ. ಸೈಪ್ರಸ್‌ನ ಹಾಡಿನಲ್ಲಿ ಖಾರೊಸ್ ಕುಸ್ತಿಯಲ್ಲಿ ಗೆಲ್ಲಲಾರದೆ ಹದ್ದಾಗಿ ಬಂದು ತಲೆ ಕುಕ್ಕಿ ಜೀವ ತೆಗೆಯುತ್ತಾನೆ. ಕೆಲವು ಹಾಡುಗಳಲ್ಲಿ ಸಾಯುವವನು ಹೆಂಡತಿಯನ್ನು ಅಪ್ಪಿ ಉಸಿರುಗಟ್ಟಿಸಿ ಕೊಲ್ಲುತ್ತಾನೆ, ಬೇರೆಯವನ ಪಾಲಾಗದಿರಲಿ ಎಂದು. ಕ್ರೀಟ್‌ನ ಹಾಡು ಶುರುವಾಗುವುದೇ ‘ಒ ದಿಯೆನಿಸ್ ಪ್ಸಿಖೊಮಖಿ’ ಎಂದು, ದಿಗೆನಿಸ್ ಪ್ರಾಣ ಬಿಡುತ್ತಿದ್ದಾನೆ, ಭೂಮಿ ಅಂಜುತ್ತಿದೆ. ಹಾಡುಗಳ ದಿಗೆನಿಸ್ ದೈತ್ಯ. ಸೈಪ್ರಸ್‌ನಲ್ಲಿ ಪೆಂಟಡಾಕ್ಟಿಲೊಸ್ ಬೆಟ್ಟದ ಐದು ಕೋಡುಗಳು ಅವನ ಬೆರಳಚ್ಚು, ಪಾಫೊಸ್ ಹತ್ತಿರ ಕಡಲಲ್ಲಿ ನಿಂತ ಬಂಡೆ ಅವನು ಅರಬ್ ಹಡಗುಗಳ ಮೇಲೆ ಎಸೆದದ್ದು. ಅದೇ ದ್ವೀಪದಲ್ಲಿ 1955ರಲ್ಲಿ ಬ್ರಿಟಿಷರ ವಿರುದ್ಧ ಸಶಸ್ತ್ರ ಹೋರಾಟ ನಡೆಸಿದ ಗ್ರಿವಾಸ್ ಗುಪ್ತನಾಮವಾಗಿ ಇಟ್ಟುಕೊಂಡದ್ದೂ ದಿಗೆನಿಸ್ ಎಂದೇ. ಅರ್ಧ ಅರಬನೊಬ್ಬ ಅಪ್ಪಟ ಗ್ರೀಕ್ ರಾಷ್ಟ್ರವೀರನಾದದ್ದು 19ನೇ ಶತಮಾನದ ಮುದ್ರಣದ ನಂತರದ ಕಥೆ. ಕಾವ್ಯ ಮಾತ್ರ ಅವನ ಎರಡು ಕುಲವನ್ನು ಹೆಸರಿನಲ್ಲೇ ಹೊತ್ತು ತಿರುಗುತ್ತದೆ.

ಓದುವ ಕ್ರಮಕ್ಕೆ ಬಂದರೆ, ಎಲಿಜಬೆತ್ ಜೆಫ್ರೀಸ್ ಅವರ 1998ರ ಕೇಂಬ್ರಿಜ್ ಸಂಪುಟ ತರಿಸಿಕೊಳ್ಳಿ. ಜಿ, ಇ ಎರಡೂ ಒಂದೇ ಪುಸ್ತಕದಲ್ಲಿ, ಎದುರು ಬದುರು ಗ್ರೀಕ್ ಮತ್ತು ಇಂಗ್ಲಿಷ್. ಮ್ಯಾವ್ರೊಗೊರ್ಡಾಟೊ ಅವರ 1956ರ ಪುಸ್ತಕದಲ್ಲಿರುವುದು ಜಿ ಮಾತ್ರ. 1971ರ ಟ್ರಾಪ್ ಸಂಪಾದನೆಯಲ್ಲಿ ‘ಝಡ್’ ಎಂಬ ಪಾಠವಿದೆ, ಅದು ಯಾವ ಹಸ್ತಪ್ರತಿಯೂ ಅಲ್ಲ, ಟ್ರೆಬಿಜಾಂಡ್ ಮತ್ತು ಆಂಡ್ರೊಸ್ ಪ್ರತಿಗಳಿಂದ ಸಂಪಾದಕರು ಹಿಂದಕ್ಕೆ ಊಹಿಸಿ ಕಟ್ಟಿದ್ದು. ಮೊದಲು ಇ ಪ್ರತಿಯ ಆರುನೂರು ಸಾಲು ಓದಿ, ಅಮೀರನ ಕಥೆ ಅಲ್ಲಿಗೆ ಮುಗಿಯುತ್ತದೆ. ಗ್ರೀಕ್ ಅಕ್ಷರ ಬಾರದಿದ್ದರೂ ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಳ್ಳಿ, ಎಂಟು ಏಳರ ಲಯ ಐದು ನಿಮಿಷದಲ್ಲಿ ಕಿವಿಗೆ ಹತ್ತುತ್ತದೆ. ಆಮೇಲೆ ಜಿ ಪ್ರತಿಯ ಮೊದಲ ಮೂರು ಕಾಂಡ, ಅದೇ ಕಥೆ, ಹೋಲಿಸಿಕೊಂಡು ಓದಿ. ಇ ಪ್ರತಿಯಲ್ಲಿ ಬಿದ್ದುಹೋದ ಆರಂಭ ಇಲ್ಲಿ ಸಿಗುತ್ತದೆ. ನಂತರ ಮಗನ ಭಾಗಕ್ಕೆ ಜಿ ನಾಲ್ಕು, ಆರು, ಎಂಟು. ಐದನೆಯದನ್ನು ಕೊನೆಗೆ ಇಟ್ಟುಕೊಂಡರೆ ನಷ್ಟವಿಲ್ಲ. ಏಳನೆಯದು ಅರಮನೆ, ತೋಟಗಳ ವರ್ಣನೆ, ಆತುರವಿದ್ದರೆ ಹಾರಿಸಿ.

ನಿಮ್ಮಿಬ್ಬರ ಚರ್ಚೆ ಮತ್ತೆ ಅಡ್ಡದಾರಿ ಹಿಡಿಯಬಾರದೆಂದರೆ, ಪುಟಸಂಖ್ಯೆ ಹೇಳಬೇಡಿ. ಜಿ ಪ್ರತಿಯನ್ನು ಕಾಂಡ ಮತ್ತು ಸಾಲಿನಿಂದ, ಇ ಪ್ರತಿಯನ್ನು ಬರೀ ಸಾಲಿನ ಸಂಖ್ಯೆಯಿಂದ ಗುರುತಿಸುವುದು ವಾಡಿಕೆ. ಸಂಪಾದಕರು ತುಂಡಾದ ಸಾಲುಗಳನ್ನು ಬೇರೆ ಬೇರೆ ರೀತಿ ಕೂಡಿಸಿರುವುದರಿಂದ ಇ ಪ್ರತಿಯ ಸಂಖ್ಯೆ ಪುಸ್ತಕದಿಂದ ಪುಸ್ತಕಕ್ಕೆ ಅಷ್ಟಿಷ್ಟು ಜಾರುತ್ತದೆ, ಸಂಪಾದಕರ ಹೆಸರನ್ನೂ ಜೊತೆಗೆ ಬರೆದುಕೊಳ್ಳಿ.